ಆ ಮಾತು ಕತೆಯಲ್ಲಿ ಎಲ್ಲಿದೆ?

ಮುಂಬಯಿ ಸಮೀಪದ ಡೊಂಬಿವಲಿಯ ಒಂದು ಕನ್ನಡ ಸಂಘದ ಮೇಲಂತಸ್ತಿನ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದು, ಹನ್ನೆರಡನೆಯ ತರಗತಿಯ ಮಕ್ಕಳಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ, ಹತ್ತನೆಯ ತರಗತಿ ಮುಗಿಸಿ, ಒಮ್ಮೆಲೇ ಇಂಗ್ಲಿಷ್ ಮಾಧ್ಯಮದ ಜೂನಿಯರ್ ಕಾಲೇಜಿಗೆ ಬಂದವರು. ಮನೆಯಲ್ಲಿ ಕನ್ನಡ ಅಥವಾ ತುಳು, ರೈಲಿನಲ್ಲಿ ಮರಾಠಿ ಮತ್ತು ಹಿಂದಿ. ಇಂಗ್ಲಿಷ್ ಇರುವುದು ಪುಸ್ತಕದಲ್ಲಿ ಮಾತ್ರ. ಇಂಥವರಿಗೆ ಸಣ್ಣಕತೆಯ ವಿಶ್ಲೇಷಣೆಯನ್ನು ಕಲಿಸಲು ನಾನು ಹೇಗೆ ಕಲಿತೆನೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಕಲಿಸಿದ್ದು ಬಿ.ಎಡ್.ನಲ್ಲಿ ನನಗೆ ಕಲಿಸಿದ ರೀತಿಯಲ್ಲೇ. ಬೋರ್ಡಿನ ಮೇಲೆ ಗುಡ್ಡದ ಆಕಾರದ ಗೆರೆಯೊಂದನ್ನು ಎಳೆದು ಆರಂಭ, ಏರಿಕೆ, ಪರಾಕಾಷ್ಠೆ, ಇಳಿಕೆ, ಮುಕ್ತಾಯ ಎಂದು ಗುರುತಿಸುತ್ತಿದ್ದೆ. ಪಾತ್ರ, ವಸ್ತು, ಸಂಘರ್ಷ ಎಂಬ ಪಾರಿಭಾಷಿಕ ಪದಗಳನ್ನು ಬರೆಸುತ್ತಿದ್ದೆ. ಫ್ರೆಂಚ್ ಲೇಖಕ ಮೊಪಾಸಾನ ‘ದಿ ನೆಕ್ಲೆಸ್’ ಕತೆಯ ಮೇಲೆ ಪರೀಕ್ಷೆ ಕೊಟ್ಟಾಗ ಬಹುಪಾಲು ಉತ್ತರಗಳಲ್ಲಿ ಒಂದೇ ವಾಕ್ಯವಿತ್ತು: ಮಥಿಲ್ಡ್ ದುರಾಸೆಯ ಹೆಣ್ಣು, ಇದ್ದುದರಲ್ಲಿ ತೃಪ್ತರಾಗಿರಬೇಕೆಂಬುದು ಈ ಕತೆಯ ನೀತಿ. ವಾಕ್ಯ ಡೈಜೆಸ್ಟಿನದು, ಅಂದರೆ ಸಿದ್ಧ ಉತ್ತರಗಳ ಗೈಡಿನದು. ಮಕ್ಕಳನ್ನು ಬೈಯುವಂತಿರಲಿಲ್ಲ, ಏಕೆಂದರೆ ನನ್ನ ಗುಡ್ಡದ ಚಿತ್ರವೂ ಅವರನ್ನು ಕತೆಯ ಒಂದು ವಾಕ್ಯವನ್ನಾದರೂ ಎರಡನೆಯ ಸಲ ಓದುವಂತೆ ಮಾಡಿರಲಿಲ್ಲ.

ಮರುವರ್ಷ ಬೋರ್ಡನ್ನು ಬಿಟ್ಟು ಪೆನ್ಸಿಲ್ ಹಿಡಿಸಿದೆ. ಕತೆಯ ಝೆರಾಕ್ಸ್ ಪ್ರತಿ ಪ್ರತಿಯೊಬ್ಬರ ಕೈಯಲ್ಲೂ ಇರಬೇಕು, ಯಾರು ಏನು ಹೇಳಿದರೂ ಅದು ಎಲ್ಲಿದೆಯೆಂದು ಗೆರೆ ಎಳೆದು ತೋರಿಸಬೇಕು. ಚರ್ಚೆ ಕನ್ನಡದಲ್ಲಿ, ಬರವಣಿಗೆ ಮಾತ್ರ ಇಂಗ್ಲಿಷಿನಲ್ಲಿ. ಇಂಗ್ಲಿಷ್ ತರಗತಿಯಲ್ಲಿ ಕನ್ನಡವೇಕೆಂದು ಪೋಷಕರೊಬ್ಬರು ಆಕ್ಷೇಪಿಸಿದ್ದರು. ಯೋಚಿಸಲು ಬರುವ ಭಾಷೆಯಲ್ಲಿ ಮೊದಲು ಯೋಚಿಸಲಿ ಎಂದು ಅವರಿಗೆ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ.

‘ದುರಾಸೆ ಎಲ್ಲಿದೆ?’ ಎಂದು ಕೇಳಿದಾಗ ಮಕ್ಕಳು ಮೊದಲ ಪುಟವನ್ನು ತೋರಿಸಿದರು: ರೇಷ್ಮೆ ಪರದೆ, ಬೆಳ್ಳಿ ಪಾತ್ರೆಗಳ ಕನಸು. ಸರಿ. ಹಾಗಾದರೆ ಒಂದು ಸಮಾರಂಭಕ್ಕೆಂದು ಗೆಳತಿಯಿಂದ ಎರವಲು ತಂದ ಸರ ಕಳೆದ ಮೇಲೆ ಮೂವತ್ತಾರು ಸಾವಿರ ಫ್ರಾಂಕ್ ಕೊಟ್ಟು ಅಂಥದ್ದೇ ಇನ್ನೊಂದನ್ನು ತಂದು ಗೆಳತಿಗೆ ಒಪ್ಪಿಸಿ, ಕೆಲಸದವಳನ್ನು ಬಿಡಿಸಿ, ಹತ್ತು ವರ್ಷ ಸಾಲ ತೀರಿಸಿದ ಹೆಂಗಸನ್ನು ಏನೆಂದು ಕರೆಯಬೇಕು? ತರಗತಿ ಸುಮ್ಮನಾಯಿತು. ದುರಾಸೆ ಎಂಬ ಪದ ಅರ್ಧ ಕತೆಗಷ್ಟೇ ಸಾಲುತ್ತದೆಂದು ಅವರಿಗೆ ತಾವಾಗಿಯೇ ಕಂಡಿತು.

ಇದೇ ಕತೆಯ ಮೊದಲ ವಾಕ್ಯದಲ್ಲಿ ನನಗೆ ಕನ್ನಡವೇ ಒಂದು ಉಪಾಯವನ್ನು ಒದಗಿಸಿತು. ವಿಧಿಯ ಕೈತಪ್ಪಿನಿಂದಲೋ ಎಂಬಂತೆ ಗುಮಾಸ್ತರ ಮನೆಯಲ್ಲಿ ಹುಟ್ಟುವ ಚೆಲುವೆಯರಲ್ಲಿ ಅವಳೂ ಒಬ್ಬಳು ಎಂಬುದು ಆ ವಾಕ್ಯದ ಭಾವ. ಅದನ್ನು ಮನೆಯಲ್ಲಿ ಅಮ್ಮನಿಗೆ ಹೇಳುವ ಹಾಗೆ ಹೇಳಿರೆಂದಾಗ ಒಬ್ಬ ಹುಡುಗಿ ಹೇಳಿದಳು: “ಅವಳು ದೊಡ್ಡವರ ಮನೆಯಲ್ಲಿ ಹುಟ್ಟಬೇಕಿತ್ತಂತೆ, ವಿಧಿ ತಪ್ಪಿ ಗುಮಾಸ್ತರ ಮನೆಗೆ ಹಾಕಿತಂತೆ.” ಎಲ್ಲರೂ ನಕ್ಕರು. ಇಂಗ್ಲಿಷಿನಲ್ಲಿ ಇಲ್ಲದ ‘ಅಂತೆ’ಯನ್ನು ನೀನೇಕೆ ಸೇರಿಸಿದೆ ಎಂದು ಕೇಳಿದೆ. “ಅದು ಅವಳ ಅನಿಸಿಕೆ ಅಲ್ಲವಾ ಟೀಚರ್, ಕತೆ ಹೇಳುವವರು ಅದನ್ನು ನಂಬಿದ ಹಾಗೆ ಕಾಣುವುದಿಲ್ಲ” ಎಂದಳು. ನಿರೂಪಕನಿಗೂ ಪಾತ್ರಕ್ಕೂ ನಡುವಿನ ಅಂತರವನ್ನು ವಿವರಿಸಲು ಹಿಂದಿನ ವರ್ಷ ನಾನು ಎರಡು ಭಾನುವಾರಗಳನ್ನು ವ್ಯಯಿಸಿದ್ದೆ! ದೃಷ್ಟಿಕೋನ ಎಂಬ ಪದವನ್ನು ಬೋರ್ಡಿನಲ್ಲಿ ಬರೆದದ್ದು ಇದಾದ ಮೇಲೆ. ಅಂದಿನಿಂದ ಅನುಮಾನ ಬಂದಲ್ಲೆಲ್ಲ ವಾಕ್ಯಕ್ಕೆ ‘ಅಂತೆ’ ಹಚ್ಚಿ ನೋಡುವುದು ನಮ್ಮ ತರಗತಿಯ ರೂಢಿಯಾಗಿದೆ. ಎಲ್ಲ ವಾಕ್ಯಗಳೂ ಈ ಪರೀಕ್ಷೆಗೆ ಒಗ್ಗುವುದಿಲ್ಲ; ಒಗ್ಗದವುಗಳ ಬಗ್ಗೆಯೇ ಜಗಳ ಹೆಚ್ಚು, ಆ ಜಗಳದಿಂದ ಉಪಯೋಗವೂ ಹೆಚ್ಚು.

ಅಮೆರಿಕದ ಲೇಖಕ ಓ. ಹೆನ್ರಿಯ ‘ದಿ ಗಿಫ್ಟ್ ಆಫ್ ದಿ ಮ್ಯಾಜೈ’ 1905ರ ಕತೆ. ಬಡ ದಂಪತಿ ಕ್ರಿಸ್‌ಮಸ್ಸಿಗೆ ಪರಸ್ಪರ ಉಡುಗೊರೆ ಕೊಡಲು, ಅವಳು ತನ್ನ ಕೂದಲನ್ನೂ ಅವನು ತನ್ನ ಗಡಿಯಾರವನ್ನೂ ಮಾರುತ್ತಾರೆ. ಅದು ಶುರುವಾಗುವುದೇ ಲೆಕ್ಕದಿಂದ: ಡೆಲ್ಲಾಳ ಬಳಿ ಇರುವುದು ಒಂದು ಡಾಲರ್ ಎಂಬತ್ತೇಳು ಸೆಂಟ್, ಅದರಲ್ಲಿ ಅರವತ್ತು ಸೆಂಟ್ ಪೆನ್ನಿಗಳು, ಅಂದರೆ ಒಂದು ಸೆಂಟಿನ ನಾಣ್ಯಗಳು. ತಂದೆಯ ಹೋಟೆಲಿನಲ್ಲಿ ಸಂಜೆ ಗಲ್ಲೆಯಲ್ಲಿ ಕೂರುವ ಹುಡುಗನೊಬ್ಬ ಆ ವರ್ಷ ತರಗತಿಯಲ್ಲಿದ್ದ, ಅಲ್ಲಿಯವರೆಗೆ ಬಾಯಿ ಬಿಟ್ಟವನಲ್ಲ. ಅಮೆರಿಕದಲ್ಲಿ ಯಾವ ಯಾವ ಚಿಲ್ಲರೆ ಇರುತ್ತಿತ್ತೆಂದು ಕೇಳಿದ. ಒಂದು, ಐದು, ಹತ್ತು, ಇಪ್ಪತ್ತೈದು, ಐವತ್ತು ಸೆಂಟುಗಳ ನಾಣ್ಯಗಳೆಂದೆ. “ಹಾಗಾದರೆ ಈ ಲೆಕ್ಕ ಕೂಡುವುದಿಲ್ಲ ಟೀಚರ್. ಅರವತ್ತು ಕಳೆದರೆ ನೂರಿಪ್ಪತ್ತೇಳು ಉಳಿಯುತ್ತದೆ. ಉಳಿದ ನಾಣ್ಯಗಳೆಲ್ಲ ಐದರ ಗುಣಕಗಳು. ಆ ಮೇಲಿನ ಎರಡು ಎಲ್ಲಿಂದ ಬಂತು?” ನಾನು ಎಷ್ಟೋ ವರ್ಷಗಳಿಂದ ಪಾಠ ಮಾಡಿದ ಕತೆ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮನೆಗೆ ಹೋಗಿ ಹುಡುಕಿದಾಗ, ಅಮೆರಿಕದಲ್ಲಿ ಎರಡು ಸೆಂಟಿನ ನಾಣ್ಯವೊಂದು ಇತ್ತೆಂದೂ ಅದನ್ನು ಅಚ್ಚು ಹಾಕುವುದು 1873ರಲ್ಲೇ ನಿಂತಿತ್ತೆಂದೂ ತಿಳಿಯಿತು. ಹಳೆಯ ನಾಣ್ಯವೊಂದು ಅವಳ ಬಳಿ ಇದ್ದಿರಬಹುದು, ಇಲ್ಲವೇ ಕತೆ ಹೇಳುವವನು ತಪ್ಪಿರಬಹುದು.

ಚಿಲ್ಲರೆ ಎಣಿಸುವುದು ಸಾಹಿತ್ಯದ ವಿಶ್ಲೇಷಣೆಯಲ್ಲ, ನಿಜ. ಆದರೆ ಮುಂದಿನ ವಾರ ಅದೇ ಹುಡುಗ ಇಡೀ ಕತೆಯ ಲೆಕ್ಕವನ್ನು ಪರೀಕ್ಷಿಸಿಕೊಂಡು ಬಂದ. ಕೂದಲು ಮಾರಿ ಬಂದ ಇಪ್ಪತ್ತು ಡಾಲರ್ ಸೇರಿಸಿ, ಗಡಿಯಾರದ ಸರಪಳಿಗೆ ಇಪ್ಪತ್ತೊಂದು ಕೊಟ್ಟರೆ ಎಂಬತ್ತೇಳು ಸೆಂಟ್ ಉಳಿಯಬೇಕು. ಕತೆಯಲ್ಲಿಯೂ ಅಷ್ಟೇ ಉಳಿದಿದೆ. ಗಂಡನ ಸಂಬಳ ವಾರಕ್ಕೆ ಮೂವತ್ತರಿಂದ ಇಪ್ಪತ್ತಕ್ಕೆ ಇಳಿದಿದೆ, ಬಾಡಿಗೆ ವಾರಕ್ಕೆ ಎಂಟು. ಐದರಲ್ಲಿ ಎರಡು ಪಾಲು ಬಾಡಿಗೆಗೇ ಹೋಗುತ್ತದೆಂದರೆ ಏನೆಂಬುದನ್ನು ಮುಂಬಯಿಯ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಕೊನೆಗೆ ಮಹಾತ್ಯಾಗವೆಂದು ಹೊಗಳುವ ಕತೆಯಲ್ಲಿ ಪ್ರತಿ ಸೆಂಟನ್ನೂ ಏಕೆ ಎಣಿಸಿದ್ದಾನೆಂದು ಕೇಳಿದೆ. ಎಣಿಸದಿದ್ದರೆ ತ್ಯಾಗ ದೊಡ್ಡದೆಂದು ಗೊತ್ತಾಗುವುದು ಹೇಗೆ ಎಂದು ಆ ಹುಡುಗ ನನ್ನನ್ನೇ ಕೇಳಿದ. ಇದು ವಿಶ್ಲೇಷಣೆ.

ಬರೆಸುವಾಗಿನ ಕಷ್ಟ ಬೇರೆ. ನಾನು ಮೂರು ಕ್ರಿಯಾಪದಗಳನ್ನಷ್ಟೇ ಕೊಡುತ್ತೇನೆ: ಶೋಸ್ (ತೋರಿಸುತ್ತದೆ), ಸಜೆಸ್ಟ್ಸ್ (ಸೂಚಿಸುತ್ತದೆ), ಪ್ರೂವ್ಸ್ (ಸಾಬೀತುಪಡಿಸುತ್ತದೆ). ಮೂರನೆಯದನ್ನು ಬಳಸಿದವರಿಂದ ಎರಡು ಸಾಲುಗಳ ಆಧಾರವನ್ನು ಕೇಳುತ್ತೇನೆ. ವ್ಯಾಕರಣವನ್ನು ಮೊದಲ ಸುತ್ತಿನಲ್ಲಿ ತಿದ್ದುವುದಿಲ್ಲ.

ವರ್ಷದ ಕೊನೆಗೆ ಚೆಕಾವ್‌ನ ‘ಮಿಸರಿ’ಯನ್ನು ಇಟ್ಟುಕೊಳ್ಳುತ್ತೇನೆ, 1886ರ ರಷ್ಯನ್ ಕತೆಯ ಇಂಗ್ಲಿಷ್ ಅನುವಾದ. ಮಗನನ್ನು ಕಳೆದುಕೊಂಡ ಗಾಡಿಯವನು ಅಯೋನಾ ಒಬ್ಬೊಬ್ಬ ಪ್ರಯಾಣಿಕನಿಗೂ ಅದನ್ನು ಹೇಳಲು ಹೋಗಿ, ಕೊನೆಗೆ ತನ್ನ ಕುದುರೆಗೆ ಹೇಳಿಕೊಳ್ಳುತ್ತಾನೆ. ಯಾರೂ ಕೇಳಲಿಲ್ಲ ಎಂದು ಇಡೀ ತರಗತಿ ಬರೆದಾಗ, ಭಾಂಡುಪಿನಲ್ಲಿ ರಿಕ್ಷಾ ಓಡಿಸುವವರ ಮಗಳೊಬ್ಬಳು ಮೊದಲ ಪ್ರಯಾಣಿಕನ ಮಾತಿಗೆ ಗೆರೆ ಎಳೆದಿದ್ದಳು. ಮಗ ಸತ್ತನೆಂದಾಗ ಆ ಅಧಿಕಾರಿ ‘ಏನಾಗಿ ಸತ್ತ?’ ಎಂದು ಕೇಳುತ್ತಾನೆ. ಅಯೋನಾ ತಿರುಗಿ ಜ್ವರವಿರಬೇಕೆಂದು ಹೇಳತೊಡಗುವಷ್ಟರಲ್ಲಿ ಕತ್ತಲಿನಿಂದ ಯಾರದೋ ಬೈಗುಳ ಬರುತ್ತದೆ, ಅಧಿಕಾರಿ ಬೇಗ ಹೊಡಿ ಎಂದು ಅವಸರಪಡಿಸಿ ಕಣ್ಣು ಮುಚ್ಚಿಕೊಳ್ಳುತ್ತಾನೆ. “ಕೇಳಿದ, ಆದರೆ ಕಾಯಲಿಲ್ಲ” ಎಂದಳು. ಬಾಡಿಗೆ ಕಡಿಮೆಯಾದರೂ ಅಯೋನಾ ಚೌಕಾಶಿ ಮಾಡದಿರುವುದನ್ನು ಕೂಡ ಮೊದಲು ಗಮನಿಸಿದವಳು ಅವಳೇ. ಅಪ್ಪ ಎಂದೂ ಹಾಗೆ ಬಿಡುವವರಲ್ಲವಂತೆ.

ಅವಳ ಉತ್ತರ ಒಂಬತ್ತು ಸಾಲಿನದು. ಎಲ್ಲರಿಗೂ ಎಲ್ಲಿಗೋ ಹೋಗಬೇಕಿತ್ತು, ಕುದುರೆಗೆ ಮಾತ್ರ ಅವಸರವಿರಲಿಲ್ಲ ಎಂದು ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಳು. ಎಲ್ಲಿದೆ ಎಂದು ಕೇಳಲು ಪುಟ ತಿರುಗಿಸಿದರೆ, ಕುದುರೆ ಹುಲ್ಲು ಮೇಯುತ್ತ ಒಡೆಯನ ಕೈಗೆ ಉಸಿರು ಬಿಡುವ ವಾಕ್ಯಕ್ಕೆ ಆಗಲೇ ಗೆರೆ ಎಳೆದಾಗಿತ್ತು. ಎರಡು ಕಡೆ ‘ದಿ’ ಬಿಟ್ಟಿದ್ದಳು. ಅದನ್ನು ಮುಂದಿನ ಭಾನುವಾರ ತಿದ್ದಿದೆ.