ಹೌಡಿಗೆ ಹೌಡಿಯೇ ಉತ್ತರ: ಕಾಲೇಜ್ ಸ್ಟೇಷನ್‌ಗೆ ಬರುವ ತಮ್ಮ ತಂಗಿಯರಿಗೆ

ಆಗಸ್ಟ್‌ನಲ್ಲಿ ಈ ಊರಿನ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಗೆ ಬಂದಿಳಿಯುವವರೇ, ವೀಸಾಕ್ಕೆ ಯೂನಿವರ್ಸಿಟಿ ಕೊಟ್ಟ ಐ-20 ಕಾಗದ ಕೈಚೀಲದಲ್ಲೇ ಇರಲಿ, ಲಸಿಕೆ ಚೀಟಿ ಮರೀಬೇಡಿ, ಬ್ಯಾಂಕ್ ಖಾತೆ ಮೊದಲ ವಾರವೇ ತೆಗೆಯಿರಿ. ಮಿಕ್ಕಿದ್ದಕ್ಕೆ ಸೀನಿಯರ್‌ಗಳ ವಾಟ್ಸಾಪ್ ಗುಂಪಿದೆ. ಅಲ್ಲಿ ಯಾರೂ ಹೇಳದೇ ಇರೋದನ್ನ, ನಾನು ಮರ್ಯಾದೆ ಕಳ್ಕೊಂಡು ಕಲಿತದ್ದನ್ನ, ಇಲ್ಲಿ ಹೇಳ್ತೀನಿ.

70,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿರೋ ಕ್ಯಾಂಪಸ್ಸು, ನಮ್ಮ ಕಡೆ ಒಂದು ತಾಲ್ಲೂಕು ಕೇಂದ್ರಕ್ಕಿಂತ ದೊಡ್ಡದು. ಆದರೂ ಎದುರಿಗೆ ಸಿಕ್ಕ ಗುರುತಿಲ್ಲದ ಹುಡುಗ "ಹೌಡಿ" ಅಂದ. ಹೇಗಿದ್ದೀರಿ ಅಂತ ಕೇಳಿದ ಅಂದ್ಕೊಂಡು ನಿಂತೇಬಿಟ್ಟೆ. ಬಿಸಿಲು, ಬಾಡಿಗೆ, ರೂಂಮೇಟ್ ಗೊರಕೆ, ಎಲ್ಲ ಒಪ್ಪಿಸಿದೆ. ಪಾಪ, ಕ್ಲಾಸಿಗೆ ಹೊರಟಿದ್ದವನು ಪೂರ್ತಿ ಕೇಳಿಸಿಕೊಂಡ. "ಊಟ ಆಯ್ತಾ" ಅಂದವರಿಗೆ ಯಾವ ಸಾರು, ಎಷ್ಟು ಮುದ್ದೆ ಅಂತ ಲೆಕ್ಕ ಕೊಡ್ತೀವಾ? (ನಮ್ಮ ಸೋದರತ್ತೆ ಕೊಡ್ತಾರೆ, ಆ ಮಾತು ಬೇರೆ.) ಹೌಡಿ ಅಂದ್ರೆ ಹೌಡಿ ಅನ್ನಿ, ಮುಂದೆ ನಡೀರಿ.

ಎರಡನೇ ವಾರ ಟೋಪಿ ಹಾಕ್ಕೊಂಡು, ಚಿತ್ರಾನ್ನದ ಡಬ್ಬಿ ಹಿಡ್ಕೊಂಡು, ಮೆಮೋರಿಯಲ್ ಸ್ಟೂಡೆಂಟ್ ಸೆಂಟರ್ ಎದುರಿನ ಹುಲ್ಲಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ಒಬ್ಬಳು ಹುಡುಗಿ ಬಂದು, ಸರ್ ಅಂತ ಕರೆದೇ, ಮೆತ್ತಗೆ ತಿಳಿಸಿದಳು: ಯುದ್ಧದಲ್ಲಿ ಸತ್ತ ಇಲ್ಲಿನ ವಿದ್ಯಾರ್ಥಿಗಳ ಸ್ಮಾರಕ ಇದು, ಹುಲ್ಲು ತುಳಿಯಲ್ಲ, ಒಳಗೆ ಟೋಪಿ ಹಾಕಲ್ಲ. ನನಗೋ ಸಿಟ್ಟು. ಹುಲ್ಲಿಗೂ ಮಡಿಯಾ? ಚಪ್ಪಲಿ ಬಿಟ್ಟು ಗುಡಿಗೆ ಹೋಗೋ ಊರಿನವನು ನಾನು, ಇದು ತಲೆಗೆ ಹೋಗೋಕೆ ಎರಡು ವರ್ಷ ಬೇಕಾಯ್ತು.

ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ಖಂಡಿತ ಹೋಗಿ. ಇಲ್ಲಿನ ಕೈಲ್ ಫೀಲ್ಡ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಹಿಡೀತಾರೆ. ವಿದ್ಯಾರ್ಥಿಗಳು ಪಂದ್ಯ ಮುಗಿಯೋವರೆಗೂ ನಿಂತೇ ಇರ್ತಾರೆ. 1922ರಲ್ಲಿ ಆಟಗಾರರು ಗಾಯಗೊಂಡು ಕಡಿಮೆ ಬಿದ್ದಾಗ ಇ. ಕಿಂಗ್ ಗಿಲ್ ಅನ್ನೋ ವಿದ್ಯಾರ್ಥಿ ಮೇಲಿಂದ ಇಳಿದು ಬಂದು, ಆಟದ ಬಟ್ಟೆ ತೊಟ್ಟು, ಕರೆದರೆ ಬರ್ತೀನಿ ಅಂತ ಅಂಚಲ್ಲಿ ನಿಂತಿದ್ದನಂತೆ. ಕರೆಯಲೇ ಇಲ್ಲ. ಆ ಹನ್ನೆರಡನೆಯವನ ನೆನಪಿಗೆ ಇವತ್ತಿಗೂ ಎಲ್ಲರೂ ನಿಲ್ತಾರೆ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಲ್ಲಿ ಸೀಟು ಹಿಡಿದು ಬೆಳೆದವನು, ದುಡ್ಡು ಕೊಟ್ಟ ಸೀಟು ಬಿಡ್ತೀನಾ? ಕೂತೆ. ಮೂರು ಗಂಟೆ ಮುಂದಿನವರ ಬೆನ್ನು ನೋಡಿದೆ.

ಹೋಂವರ್ಕ್ ಮಾತ್ರ ಹುಷಾರು. ಇಲ್ಲಿನ ಪ್ರತಿಜ್ಞೆಯ ಪ್ರಕಾರ ಸುಳ್ಳು, ಮೋಸ, ಕಳ್ಳತನ ಮಾಡೋದಷ್ಟೇ ಅಲ್ಲ, ಮಾಡಿದವರನ್ನ ಸಹಿಸೋದೂ ತಪ್ಪು. ತೋರಿಸಿದವನೂ ಸಿಕ್ಕಿಬೀಳ್ತಾನೆ. ನಮ್ಮಲ್ಲಿ ಅವನನ್ನ ಗೆಳೆಯ ಅಂತಿದ್ವಿ.

ಇನ್ನು ಒಂದು ರಾತ್ರಿಯ ಕಥೆ. ಅದು ನೆನಪಾದರೆ ಈಗಲೂ ಮೈ ಹಿಡಿಯಾಗುತ್ತೆ. ಆಗ ಕಾಲಿಂಗ್ ಕಾರ್ಡ್ ಕಾಲ. ಇಲ್ಲಿ ರಾತ್ರಿ 10.30, ಹಾಸನದಲ್ಲಿ ಬೆಳಿಗ್ಗೆ 9. ಲೈನ್ ಸರಿಯಿಲ್ಲ ಅಂತ "ಅಮ್ಮಾ, ಕೇಳಿಸ್ತಾ? ತಿಂಡಿ ಏನಮ್ಮಾ?" ಅಂತ ಕಿರುಚ್ತಾ ಅಕಾಡೆಮಿಕ್ ಪ್ಲಾಜಾ ದಾಟ್ತಿದ್ದೆ. ದೀಪಗಳಿರಲಿಲ್ಲ, ಕರೆಂಟ್ ಹೋಗಿರಬೇಕು ಅಂದ್ಕೊಂಡೆ. ನಮಗದು ಅಭ್ಯಾಸ ತಾನೇ. ಆಮೇಲೆ ಕಣ್ಣು ಹೊಂದಿಕೊಂಡಾಗ ನೋಡಿದರೆ ಸುತ್ತಲೂ ನೂರಾರು ಜನ, ಒಬ್ಬರೂ ಉಸಿರೆತ್ತುತ್ತಿಲ್ಲ. ಯಾರೋ ತುಟಿ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ಬಂದೂಕಿನ ಸದ್ದು. ನಾನು ಅಮ್ಮನನ್ನೂ ಲೈನಲ್ಲೇ ಬಿಟ್ಟು ಓಡಿದೆ.

ಅದು ಸಿಲ್ವರ್ ಟ್ಯಾಪ್ಸ್. ಹಿಂದಿನ ತಿಂಗಳು ವಿದ್ಯಾರ್ಥಿ ಯಾರಾದರೂ ತೀರಿಕೊಂಡಿದ್ದರೆ, ಮೊದಲ ಮಂಗಳವಾರ ರಾತ್ರಿ ದೀಪ ಆರಿಸಿ ಸೇರ್ತಾರೆ. ಮೂರು ಸುತ್ತು ಗುಂಡು. ಆಮೇಲೆ ಕಹಳೆ, ಮೂರು ಸಲ: ಬಡಗಣಕ್ಕೆ, ತೆಂಕಣಕ್ಕೆ, ಪಡುವಣಕ್ಕೆ. ಮೂಡಣಕ್ಕೆ ಊದಲ್ಲ, ಹೋದವರಿಗೆ ಇನ್ನು ಸೂರ್ಯ ಹುಟ್ಟಲ್ಲ ಅಂತ. ನಮ್ಮಲ್ಲಿ ತೆಂಕಣ ಯಮನ ದಿಕ್ಕು, ಸತ್ತವರನ್ನ ಆ ಕಡೆ ತಲೆ ಹಾಕಿ ಮಲಗಿಸ್ತೀವಿ. ಸಾವಿಗೆ ದಿಕ್ಕು ಹುಡುಕೋ ಜನ ಇಲ್ಲೂ ಇದ್ದಾರೆ ಅಂತ ನನಗೆ ಯಾಕೆ ಹೊಳೀಲಿಲ್ಲ? ನಾಲ್ಕು ಜನ ಕನ್ನಡದ ಹುಡುಗರು ಒಂದೇ ಮನೇಲಿದ್ದು, ಒಂದೇ ಕುಕ್ಕರ್‌ನಲ್ಲಿ ಉಂಡು, "ಇವರಿಗೆ ಸಂಸ್ಕಾರ ಇಲ್ಲ" ಅಂತ ಮಾತಾಡ್ಕೊಂಡು ಎರಡು ವರ್ಷ ಕಳೆದಿದ್ವಿ. ಪಕ್ಕದ ಮನೆಯವರ ಹೆಸರೂ ಗೊತ್ತಿರಲಿಲ್ಲ. ದಯವಿಟ್ಟು ನೀವು ಹಾಗೆ ಮಾಡಬೇಡಿ. ನಮ್ಮವರ ಜೊತೆ ಇರಿ, ಬೇಡ ಅನ್ನಲ್ಲ, ಬಾಗಿಲು ಮಾತ್ರ ತೆರೆದಿಡಿ.

ನನ್ನ ಮಗಳು ಇದೇ ಊರಲ್ಲಿ ಹುಟ್ಟಿದವಳು, ಈಗ ಇಲ್ಲೇ ಓದ್ತಿದ್ದಾಳೆ. ಕನ್ನಡ ಅರ್ಥ ಆಗುತ್ತೆ, ನಾಲಿಗೆ ತಿರುಗಲ್ಲ. ಏಪ್ರಿಲ್ 21ರ ಮಸ್ಟರ್ ತಪ್ಪಿಸಲ್ಲ. ಅಲ್ಲಿ ಆ ವರ್ಷ ತೀರಿಕೊಂಡ ಇಲ್ಲಿನ ಹಳೆಯ, ಈಗಿನ ವಿದ್ಯಾರ್ಥಿಗಳ ಹೆಸರು ಹಾಜರಿ ಪಟ್ಟಿಯಂತೆ ಕೂಗ್ತಾರೆ, ಅವರ ಪರವಾಗಿ ಮನೆಯವರೋ ಗೆಳೆಯರೋ "ಹಿಯರ್" ಅಂತಾರೆ.

ಅಪ್ಪ ತೀರಿಕೊಂಡಾಗ ಹ್ಯೂಸ್ಟನ್‌ನಿಂದ ವಿಮಾನ ಹಿಡಿದು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಇಲ್ಲೇ ಎಡೆ ಇಟ್ಟೆ, ಅಮ್ಮ ವಿಡಿಯೋ ಕಾಲ್‌ನಲ್ಲಿದ್ದರು. ಅಪ್ಪನ ಹೆಸರು ಹೇಳಿ ಧೂಪ ಹಾಕಿದೆ. ಹಿಂದಿನಿಂದ ಮಗಳು "ಹಿಯರ್" ಅಂದಳು.

"ಏನಂದಳೋ ಅವಳು?" ಅಂದರು ಅಮ್ಮ.

"ಹಾಜರ್ ಅಂದಳು, ಅಮ್ಮಾ."