ಮೋರಿ ಕಟ್ಟಿದ ಮೇಲೆ ತೋಡಿನ ಬರೆ ಉಳಿಸಿಕೊಂಡ ಬಗೆ

ನಮ್ಮ ಕಾಫಿ ತೋಟ ಕೊಡಗಿನ ಸಿದ್ದಾಪುರದ ಕಡೆ. ತೋಟದ ಕೆಳಗೆ ಗದ್ದೆಬಯಲು, ಅದರ ನಡುವೆ ಕಾವೇರಿ ಸೇರುವ ಒಂದು ತೋಡು. ರಸ್ತೆ ಅಗಲ ಮಾಡಿ ಹೊಸ ಮೋರಿ ಕಟ್ಟಿದ ಬೇಸಿಗೆಯಲ್ಲಿ ಹಿಟಾಚಿ ತೋಡಿಗೇ ಇಳಿಯಿತು. ಎರಡೂ ದಡದ ಗಿಡಗಂಟಿ ಬುಡಸಮೇತ ಎದ್ದವು. ಪಕ್ಕದ ಪಾಳುಗದ್ದೆಯ ಜೌಗಿನ ಮೇಲೆ ಅಗೆದ ಕೆಂಪು ಮಣ್ಣು ಬಿತ್ತು. ದಡದುದ್ದಕ್ಕೂ ಕಲ್ಲು ಕಟ್ಟಿಕೊಡುತ್ತೇವೆ ಎಂದು ಗುತ್ತಿಗೆದಾರರು ಹೇಳಿದರು. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಬರೆ (ಕಡಿದಾದ ಮಣ್ಣಿನ ದಡ) ಎಂದೊಡನೆ ಎಲ್ಲರ ಬಾಯಲ್ಲೂ ತಡೆಗೋಡೆಯ ಮಾತೇ. ಮೋರಿಯಿಂದ ನೀರು ರಭಸವಾಗಿ ಬೀಳುವ ಜಾಗಕ್ಕೆ ಕಲ್ಲು ಬೇಕೇ ಬೇಕು, ಅಲ್ಲಿ ಹಾಕಿಸಿದೆ. ಉಳಿದ ದಡಕ್ಕೆ ಗಿಡವೇ ಸಾಕು ಎಂದು ಹಟ ಹಿಡಿದೆ.

ಗಿಡಕ್ಕಿಂತ ಮೊದಲು ಮಣ್ಣಿನ ಕೆಲಸ. ಜೌಗಿನ ಮೇಲಿನ ಕೆಂಪು ಮಣ್ಣನ್ನು ಹಳೆಯ ಕಪ್ಪು ಕೆಸರು ಕಾಣುವವರೆಗೆ ತೆಗೆಸಿದೆ, ಅದಕ್ಕಿಂತ ಒಂದು ಗೇಣೂ ಕೆಳಗೆ ಹೋಗಲು ಬಿಡಲಿಲ್ಲ. “ಎಲ್ಲ ಮಣ್ಣೂ ಒಂದೇ ಅಲ್ಲವೇ ಸಾರ್?” ಎಂದು ಹಿಟಾಚಿಯವನು ಕೇಳಿದ. ಅಲ್ಲ. ಆ ಕಪ್ಪು ಕೆಸರಿನಲ್ಲಿ ಜೇಕು, ಜೊಂಡುಗಳ ಬೀಜ ವರ್ಷಗಟ್ಟಲೆ ಮಲಗಿರುತ್ತದೆ. ನೀರು, ಬೆಳಕು ಸಿಕ್ಕರೆ ತಾನಾಗಿ ಏಳುತ್ತದೆ. ಜೌಗಿನಲ್ಲಿ ಈಗಿರುವ ಹಸಿರಿನಲ್ಲಿ ನಾವು ನೆಟ್ಟಿದ್ದು ಕಡಿಮೆ, ಹಾಗೆ ಎದ್ದದ್ದೇ ಹೆಚ್ಚು. ಕೆಲಸದ ವೇಳೆ ನೀರು ಬಸಿಯಲು ತೋಡಿದ್ದ ಕಾಲುವೆಯನ್ನು ಮುಚ್ಚಿಸಿದೆ. ಅದು ತೆರೆದೇ ಇದ್ದರೆ ಜೌಗು ಒಣಗಿ ಲಂಟಾನ ಕಳೆ ಬರುತ್ತದೆ. ಕಡಿದಾದ ದಡವನ್ನು ಒಂದಡಿ ಎತ್ತರಕ್ಕೆ ಎರಡಡಿ ಹಿಂದಕ್ಕೆ ಸರಿಯುವಂತೆ ಇಳಿಜಾರು ಮಾಡಿಸಿ, ಯಂತ್ರ ಓಡಾಡಿ ಗಟ್ಟಿಯಾಗಿದ್ದ ನೆಲವನ್ನು ಸಡಿಲಗೊಳಿಸಿ, ಮೇಲೆ ತೆಂಗಿನ ನಾರಿನ ಹಾಸು ಹೊದಿಸಿ ಗೂಟ ಬಡಿಸಿದೆ. ಬೇರು ಹಿಡಿಯುವಷ್ಟು ಕಾಲ ಹಾಸು ಮಣ್ಣನ್ನು ಕಾಯುತ್ತದೆ, ಆಮೇಲೆ ಅಲ್ಲೇ ಕೊಳೆಯುತ್ತದೆ. ಗೊಬ್ಬರ ಹಾಕಲಿಲ್ಲ, ಹಾಕಿದರೆ ಮೊದಲು ಕೊಬ್ಬುವುದು ಕಳೆ.

ಯಾವ ಗಿಡ ಎಂಬುದಕ್ಕೆ ಪುಸ್ತಕ ಹುಡುಕಲಿಲ್ಲ. ಯಂತ್ರ ತಲುಪದ ಮೇಲ್ಭಾಗದ ತೋಡನ್ನೂ ದೇವರಕಾಡಿನ ಅಂಚಿನ ಹೊಳೆದಡವನ್ನೂ ನೋಡಿಕೊಂಡು ಬಂದೆ. ದೇವರಕಾಡಿನಿಂದ ಒಂದು ಕಡ್ಡಿಯನ್ನೂ ತರುವಂತಿಲ್ಲ, ನೋಡಲು ಅಡ್ಡಿಯಿಲ್ಲವಲ್ಲ. ನೀರಿಗೆ ತಾಗಿದಂತೆ ನೀರವಂಜಿ (ಹೊಳೆದಡದ ವಿಲೋ ಜಾತಿಯ ಮರ) ಮತ್ತು ಕೇದಗೆ, ಅದರ ಮೇಲೆ ಹೊಂಗೆ, ನೆರೆ ಮುಟ್ಟಿ ಇಳಿಯುವ ಮಟ್ಟದಲ್ಲಿ ಹೊಳೆಮತ್ತಿ, ನೇರಳೆ. ಈ ಸಾಲು ತಪ್ಪಬಾರದು. ಮೇಲಿನದನ್ನು ಕೆಳಗೆ ನೆಟ್ಟರೆ ಕೊಳೆಯುತ್ತದೆ, ಕೆಳಗಿನದನ್ನು ಮೇಲೆ ನೆಟ್ಟರೆ ಬೇಸಿಗೆಗೆ ಒಣಗುತ್ತದೆ.

ಬರೆಯನ್ನು ನಿಜವಾಗಿ ಹಿಡಿದದ್ದು ನೀರವಂಜಿ. ಬೇರು ಬರಿಸಲು ಸಸಿಮಡಿಯೇ ಬೇಡ. ಹೆಬ್ಬೆರಳು ದಪ್ಪದ ರೆಂಬೆಯನ್ನು ಎರಡು ಮೂರು ಅಡಿ ಉದ್ದಕ್ಕೆ ಕಡಿದು, ಬುಡವನ್ನು ಓರೆಯಾಗಿ ಕೊಯ್ದು, ಒಂದು ರಾತ್ರಿ ತೋಡಿನ ನೀರಿನಲ್ಲೇ ನೆನೆಹಾಕುತ್ತಿದ್ದೆವು. ಹಾರೆಯಿಂದ ತೂತು ಮಾಡಿ ಮೂರರಲ್ಲಿ ಎರಡು ಪಾಲು ನೆಲದೊಳಗೆ ಇಳಿಸಿ, ಸುತ್ತ ಮಣ್ಣು ತುಳಿದು ಗಾಳಿ ಇಲ್ಲದಂತೆ ಮಾಡಬೇಕು. ಮೊಗ್ಗು ಮೇಲ್ಮುಖವಾಗಿರಲಿ. ಆತುರದಲ್ಲಿ ತಲೆಕೆಳಗಾಗಿ ನೆಡುವವರು ಇದ್ದೇ ಇರುತ್ತಾರೆ, ಅದಕ್ಕೇ ಬುಡಕ್ಕೆ ಮಾತ್ರ ಓರೆ ಕೊಯ್ತ.

ಯಾವಾಗ ನೆಡಬೇಕು ಎಂಬುದರಲ್ಲಿ ನನಗೂ ಊರಿನವರಿಗೂ ಒಮ್ಮತವಿಲ್ಲ. ಗಿಡ ನೆಡುವುದು ಜೂನ್‌ನಲ್ಲಿ ಎಂಬುದು ವಾಡಿಕೆ. ತೋಟದೊಳಗೆ ಅದು ಸರಿ. ತೋಡಿನ ದಡದಲ್ಲಿ ಜೂನ್‌ನಲ್ಲಿ ನೆಟ್ಟ ಸಸಿ ಬೇರು ಬಿಡುವ ಮೊದಲೇ ಕಕ್ಕಡ ಮಾಸದ (ಜುಲೈ-ಆಗಸ್ಟ್) ನೆರೆ ಬಂದು ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ನೀರವಂಜಿ ಗೂಟಗಳನ್ನು ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಬೆನ್ನಿಗೇ, ತೇವ ಆರದ ದಡದ ಬುಡದಲ್ಲಿ ಇಳಿಸಿದೆ. ಹೊಂಗೆ, ಹೊಳೆಮತ್ತಿ, ನೇರಳೆ ಸಸಿಗಳ ಸರದಿ ಸೆಪ್ಟೆಂಬರ್‌ನಲ್ಲಿ, ನೆರೆ ಇಳಿದ ಮೇಲೆ. ನಾಟಿಯ ಕಾಲಕ್ಕೆ ಅವು ಸೊಂಟದೆತ್ತರ ಬೆಳೆದಿರಬೇಕಾದ್ದರಿಂದ ಹಿಂದಿನ ವರ್ಷವೇ ಕಾಫಿ ಸಸಿಯ ಪಾಲಿಥಿನ್ ಚೀಲಗಳಲ್ಲಿ ಎಬ್ಬಿಸಿಕೊಂಡಿದ್ದೆ. ನೇರಳೆ ಬೀಜವನ್ನು ಒಣಗಿಸಿ ಇಡಬೇಡಿ. ಹಣ್ಣು ತಿಂದ ವಾರದಲ್ಲೇ ಬಿತ್ತಬೇಕು.

ಲಾವಂಚವನ್ನು ಹಲವರು ಸೂಚಿಸಿದರು. ಬಿಸಿಲು ಬೀಳುವ ರಸ್ತೆಬದಿಯ ಇಳಿಜಾರಿಗೆ ನಾನೂ ಹಾಕಿದೆ, ಆಳಕ್ಕೆ ಬೇರು ಬಿಟ್ಟು ಚೆನ್ನಾಗಿ ನಿಂತಿದೆ. ನೆರಳಿನ ಕಡೆ ಅದು ಬಾಳುವುದಿಲ್ಲ. ಸಿಲ್ವರ್ ಓಕ್ ಹಾಕಿ, ಮೆಣಸಿನ ಬಳ್ಳಿ ಹಬ್ಬಿಸಬಹುದು ಎಂಬ ಸಲಹೆಯೂ ಬಂತು. ಆಸ್ಟ್ರೇಲಿಯದಿಂದ ಬಂದ ಮರಕ್ಕೆ ತೋಟದಲ್ಲಿ ಸಾಕಷ್ಟು ಜಾಗ ಕೊಟ್ಟಿದ್ದೇವೆ, ತೋಡಾದರೂ ಅದರಿಂದ ಉಳಿಯಲಿ ಎಂದೆ.

ನೆಟ್ಟ ಮೇಲಿನ ಕೆಲಸವೇ ಬೇಸರದ್ದು. ಮೈಕೇನಿಯ ಎಂಬ ಕಳೆಬಳ್ಳಿ ತುಂಡಾದ ಗೆಣ್ಣಿನಿಂದಲೂ ಚಿಗುರುವುದರಿಂದ ಕತ್ತಿಯಲ್ಲಿ ಸವರಿ ಬಿಟ್ಟರೆ ಒಂದು ಬಳ್ಳಿ ಹತ್ತಾಗುತ್ತದೆ. ಕೈಯಿಂದ ಬೇರುಸಹಿತ ಕಿತ್ತು, ದಡದಿಂದ ದೂರ ಒಯ್ದು ಒಣಗಿಸಬೇಕು. ಕಮ್ಯುನಿಸ್ಟ್ ಗಿಡ ಎಂಬ ಕಳೆಯನ್ನು ಹೂ ಬಿಡುವ ಮೊದಲೇ ಕೀಳಿಸುತ್ತೇನೆ. ಮೊದಲ ಎರಡು ಮಳೆಗಾಲ ಇದನ್ನು ಸಡಿಲ ಬಿಡುವಂತಿಲ್ಲ. ಬಿದಿರಿನ ಬೇಲಿಯಿಂದ ದನಗಳನ್ನು ತಡೆದೆವು. ಆನೆಗಳಿಗೆ ಬೇಲಿ ಲೆಕ್ಕಕ್ಕಿಲ್ಲ. ಅವು ತುಳಿದು ಹೋದ ಕಡೆ ನೀರವಂಜಿ ಮುರಿದಲ್ಲೇ ಮತ್ತೆ ಚಿಗುರಿತು, ಹೊಂಗೆ ಸಸಿಗಳನ್ನು ಮಾತ್ರ ಮತ್ತೆ ನೆಡಬೇಕಾಯಿತು.

ಮೋರಿಯಿಂದ ಕೆಳಗೆ ಕಲ್ಲುಹಾಸು ಮುಗಿಯುವ ಜಾಗದಲ್ಲಿ ನೀರು ಇನ್ನೂ ಎಡದಂಡೆಯನ್ನು ಕೊರೆಯುತ್ತಿದೆ. ಬರುವ ಬೇಸಿಗೆಯಲ್ಲಿ ಕಲ್ಲನ್ನು ಇನ್ನೊಂದಿಷ್ಟು ಮುಂದಕ್ಕೆ ಹಾಸಿ, ಕಲ್ಲಿನ ಸಂದುಗಳಲ್ಲೂ ನೀರವಂಜಿ ಗೂಟ ಇಳಿಸಬೇಕೆಂದಿದ್ದೇನೆ. ಅದಕ್ಕೆ ಬೇಕಾದ ರೆಂಬೆಗಳನ್ನು ಹೊರಗಿನಿಂದ ತರಬೇಕಿಲ್ಲ, ನಾವೇ ನೆಟ್ಟ ಗಿಡಗಳಲ್ಲಿ ಸಿಗುತ್ತವೆ.