ಕುಡಿತಿನಿಯಲ್ಲಿ ನಿಲ್ಲುತ್ತಿದ್ದ ಕಾರು

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಹೊಲಿಗೆ ತಪ್ಪುತ್ತಿದೆ ಎಂದು ಕರೆ ಬಂದರೆ ನಾನು ಮೊದಲು ಕೇಳುವುದು ಒಂದೇ ಮಾತು: ಎಲ್ಲಿ ತಪ್ಪುತ್ತದೆ, ಒಂಟಿ ಬಟ್ಟೆಯಲ್ಲೋ ನಾಲ್ಕು ಮಡಿಕೆ ಸೇರುವಲ್ಲೋ? ಅದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ರಿಪೇರಿ ಮುಗಿದಂತೆ. ಇದೇ ಪ್ರಶ್ನೆಯನ್ನು ನನ್ನ ಕಾರಿಗೂ ಕೇಳಬೇಕೆಂದು ತಿಳಿಯುವಷ್ಟರಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿದ್ದವು.

ನನ್ನದು 1996ರ ಪೆಟ್ರೋಲ್ ಕಾರು. ಮೂರು ಸಿಲಿಂಡರು, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡಲು ಕಾರ್ಬೊರೇಟರು. ತಿಂಗಳಿಗೆ ಏಳೆಂಟು ಸಲ ತೋರಣಗಲ್ಲಿಗೂ ಸಂಡೂರಿಗೂ ಹೋಗಬೇಕಾಗುತ್ತದೆ. ದಾರಿಯಲ್ಲಿ ಸಿಗುವ ಕುಡಿತಿನಿಯ ವಿದ್ಯುತ್ ಸ್ಥಾವರದ ಚಿಮಣಿಗಳು ಹತ್ತಿರವಾಗುವ ಹೊತ್ತಿಗೆ ಎಳೆತ ಕಡಿಮೆಯಾಗಿ, ಎರಡು ಸಲ ಜಗ್ಗಿ, ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ತಕ್ಷಣ ಹತ್ತಿಕೊಳ್ಳುತ್ತಿತ್ತು. ಪ್ಲಗ್ಗಿನ ಕಿಡಿಗೆ ಕರೆಂಟು ಕೊಡುವ ಕಾಯಿಲ್ ಬಿಸಿಲಿಗೆ ಸೋತಿದೆ ಎಂದರು ಗ್ಯಾರೇಜಿನವರು, ಕಾಯಿಲ್ ಬದಲಾಯಿತು. ಆಮೇಲೆ ಪ್ಲಗ್ಗುಗಳು, ಆಮೇಲೆ ಪೆಟ್ರೋಲ್ ಪಂಪು. ಕಾರು ಮಾತ್ರ ಕುಡಿತಿನಿಯಲ್ಲಿ ನಿಲ್ಲುವುದನ್ನು ಬಿಡಲಿಲ್ಲ. ಅಂಗಡಿಯ ಲೆಕ್ಕ ಬರೆಯುವ ನನ್ನ ಹೆಂಡತಿ ಒಂದು ದಿನ, "ಖರ್ಚನ್ನಷ್ಟೇ ಬರೆಯುತ್ತೀರಿ, ಅದು ನಿಂತದ್ದನ್ನೂ ಬರೆದಿಡಿ ನೋಡೋಣ" ಎಂದಳು.

ಆದ್ದರಿಂದ ನಾನು ಹೇಳುವ ಮೊದಲ ಸಲಕರಣೆ ಒಂದು ಪುಟ್ಟ ಪುಸ್ತಕ. ನಿಂತ ಹೊತ್ತು, ಅಷ್ಟರಲ್ಲಿ ಓಡಿದ ಕಿಲೋಮೀಟರು, ಬಿಸಿಲೋ ತಂಪೋ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಒಮ್ಮೆಲೇ ನಿಂತಿತೋ ಜಗ್ಗುತ್ತಾ ನಿಂತಿತೋ, ಮತ್ತೆ ಹತ್ತಿಕೊಳ್ಳಲು ಎಷ್ಟು ಹೊತ್ತು ಬೇಕಾಯಿತು. ಐದಾರು ಸಲದ್ದನ್ನು ಬರೆಯುವವರೆಗೆ ಒಂದು ಬಿಡಿಭಾಗವನ್ನೂ ಕೊಳ್ಳಬೇಡಿ.

ಸೆಲ್ಫ್ ತಿರುಗದೆ "ಟಕ್" ಎಂದು ಸದ್ದು ಮಾತ್ರ ಬಂದರೆ ಎಂಜಿನ್ನಿನ ಗೊಡವೆಗೆ ಹೋಗಬೇಡಿ, ಬ್ಯಾಟರಿಯ ಕಡೆ ನೋಡಿ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್ ಆಸುಪಾಸು ಇರಬೇಕು. 12.2 ಎಂದರೆ ಅರ್ಧ ಚಾರ್ಜ್. ಸೆಲ್ಫ್ ಹೊಡೆಯುವಾಗ ಸುಮಾರು 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಚಾರ್ಜ್ ಇಲ್ಲ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇಲ್ಲದಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ಹೋಗಿ. ಮೀಟರ್ ಇಲ್ಲದವರು ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಲಿ: ಬೆಳಕು ಪೂರ್ತಿ ಸತ್ತರೆ ಬ್ಯಾಟರಿ ಅಥವಾ ಟರ್ಮಿನಲ್, ಬೆಳಕು ಹಾಗೆಯೇ ಇದ್ದು ಸೆಲ್ಫ್ ಮಾತ್ರ ತಿರುಗದಿದ್ದರೆ ಸೆಲ್ಫ್ ಮೋಟಾರು ಅಥವಾ ಅದರ ವೈರಿಂಗು. ಬ್ಯಾಟರಿ ಬದಲಿಸುವ ಮುಂಚೆ ಟರ್ಮಿನಲ್ಲಿನ ಬಿಳಿ ಪುಡಿ ಉಜ್ಜಿ ತೆಗೆಯಿರಿ. ಬ್ಯಾಟರಿಯಿಂದ ಬಾಡಿಗೂ ಎಂಜಿನ್ನಿಗೂ ಹೋಗುವ ಅರ್ಥ್ ವೈರಿನ ಬೋಲ್ಟ್ ಬಿಚ್ಚಿ, ತುಕ್ಕು ತಿಕ್ಕಿ, ಬಿಗಿ ಮಾಡಿ. ಹಳೆಯ ಕಾರುಗಳಲ್ಲಿ ಈ ಒಂದು ವೈರು ಎಷ್ಟೋ ಹೊಸ ಬ್ಯಾಟರಿಗಳನ್ನು ಸುಮ್ಮನೆ ಕೊಳ್ಳಿಸಿದೆ.

ಸೆಲ್ಫ್ ಚೆನ್ನಾಗಿ ತಿರುಗಿ ಎಂಜಿನ್ ಹತ್ತಿಕೊಳ್ಳದಿದ್ದರೆ ನೋಡಬೇಕಾದ್ದು ಎರಡು: ಪ್ಲಗ್ಗಿಗೆ ಕಿಡಿ ಬರುತ್ತಿದೆಯೇ, ಪೆಟ್ರೋಲ್ ಬರುತ್ತಿದೆಯೇ. ಕಿಡಿ ನೋಡಲು ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಪ್ಲಾಸ್ಟಿಕ್ ಹಿಡಿಯ ಇಕ್ಕುಳದಲ್ಲಿ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ, ಬಿಚ್ಚಿದ ಪ್ಲಗ್ಗಿನ ತೂತಿನಿಂದ ಪ್ಲಗ್ ದೂರವಿರಲಿ, ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಪರೀಕ್ಷೆಯೇ ಬೇಡ. ಗಟ್ಟಿ ನೀಲಿ ಕಿಡಿ ಬಂದರೆ ಸರಿ. ಸಣಕಲು ಹಳದಿ ಕಿಡಿ ಬಂದರೆ ಕಿಡಿ ಹುಟ್ಟಿಸಿ ಪ್ಲಗ್ಗುಗಳಿಗೆ ಹಂಚುವ ಭಾಗಗಳನ್ನು, ಅಂದರೆ ಪಾಯಿಂಟು, ಡಿಸ್ಟ್ರಿಬ್ಯೂಟರ್ ಮುಚ್ಚಳ, ರೋಟರು, ಕಾಯಿಲ್ ನೋಡಿ. ಪ್ಲಗ್ಗಿನ ತುದಿಯೂ ಮಾತಾಡುತ್ತದೆ. ತಿಳಿಕಂದು ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಏರ್ ಫಿಲ್ಟರ್ ಕಟ್ಟಿದೆ. ಎಣ್ಣೆ ಮೆತ್ತಿದ್ದರೆ ಎಂಜಿನ್ನಿನ ಒಳಗೆ ಸವೆತ. ಪ್ಲಗ್ ಪೆಟ್ರೋಲಿನಲ್ಲಿ ನೆನೆದಿದ್ದರೆ ಆಕ್ಸಿಲರೇಟರನ್ನು ಮತ್ತೆ ಮತ್ತೆ ತುಳಿಯದೆ, ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ.

ಸಿಗ್ನಲ್ಲಿನಲ್ಲಿ ಮಾತ್ರ ಎಂಜಿನ್ ಆರಿ, ವೇಗದಲ್ಲಿ ಚೆನ್ನಾಗಿ ಓಡುವ ಕಾರಿಗೆ ಕಾರ್ಬೊರೇಟರಿನ ಐಡ್ಲಿಂಗ್ ಜೆಟ್ಟಿನಲ್ಲಿ, ಅಂದರೆ ಕಾರು ನಿಂತಿದ್ದಾಗ ಎಂಜಿನ್ನಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನಲ್ಲಿ, ಕಸ ಸಿಕ್ಕಿರುವುದೇ ಹೆಚ್ಚು. ಪೈಪು ಬಿರಿದು ಗಾಳಿ ಎಳೆದುಕೊಳ್ಳುವುದೂ ಉಂಟು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದ್ದು ಅದು ಹಳೆಯ ರಬ್ಬರನ್ನು ಕೆಡಿಸುವುದರಿಂದ ಪೆಟ್ರೋಲಿನ ರಬ್ಬರ್ ಪೈಪುಗಳನ್ನು ವರ್ಷಕ್ಕೊಮ್ಮೆ ಬೆರಳಲ್ಲಿ ಹಿಚುಕಿ ನೋಡಿ. ಮೆತ್ತಗಾಗಿದ್ದರೆ, ಸೀಳಿದ್ದರೆ ತಡಮಾಡದೆ ಬದಲಿಸಿ. ಬೆಂಕಿಯ ವಿಷಯ ಅದು.

ನನ್ನ ಪುಸ್ತಕಕ್ಕೆ ಬರುತ್ತೇನೆ. ಆರು ಸಲದ್ದನ್ನು ಬರೆದ ಮೇಲೆ ಎರಡು ಸಂಗತಿ ಎದ್ದು ಕಂಡವು. ಒಂದು, ಡಿಸೆಂಬರಿನ ಬೆಳಗಿನ ಆರೂವರೆಯ ತಂಪಿನಲ್ಲೂ ನಿಂತಿತ್ತು. ಹಾಗಾದರೆ ಪೈಪಿನಲ್ಲಿ ಪೆಟ್ರೋಲ್ ಕುದಿದು ಆವಿಯಾಗುತ್ತಿದೆ ಎಂಬ ಮಾತು ನಿಲ್ಲುವುದಿಲ್ಲ, ಬಿಸಿಗೆ ಕಾಯಿಲ್ ಸೋಲುತ್ತಿದೆ ಎಂಬುದೂ ಅನುಮಾನ. ಇನ್ನೊಂದು, ಟ್ಯಾಂಕ್ ತುಂಬಿಸಿದ ದಿನ ಕುಡಿತಿನಿಯಲ್ಲೇ ನಿಲ್ಲುತ್ತಿತ್ತು; ಕಾಲು ಟ್ಯಾಂಕ್ ಇದ್ದ ದಿನ ತೋರಣಗಲ್ಲು ಮುಟ್ಟಿಸುತ್ತಿತ್ತು. ಪೆಟ್ರೋಲ್ ಹೆಚ್ಚಿದ್ದಷ್ಟೂ ಬೇಗ ನಿಲ್ಲುವ ಕಾರು! ಈ ಎರಡನೆಯದನ್ನು ಎರಡು ದಿನ ತಲೆಯಲ್ಲಿ ತಿರುವಿದೆ.

ಮುಂದಿನ ಸಲ ನಿಂತಾಗ ಬಾನೆಟ್ ಎತ್ತಿ ಪ್ಲಾಸ್ಟಿಕ್ಕಿನ ಪೆಟ್ರೋಲ್ ಫಿಲ್ಟರನ್ನು ನೋಡಿದೆ. ಅದರ ಮೈ ಪಾರದರ್ಶಕ. ಒಳಗೆ ತಳದಲ್ಲಿ ಒಂದು ಚಮಚದಷ್ಟು ಪೆಟ್ರೋಲ್ ಮಾತ್ರ ಇತ್ತು. ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. "ಉಸ್ಸ್" ಎಂದು ಗಾಳಿ ಒಳಗೆ ನುಗ್ಗಿತು. ಸೆಲ್ಫ್ ಹೊಡೆದೆ, ಫಿಲ್ಟರ್ ತುಂಬಿತು, ಎಂಜಿನ್ ಹತ್ತಿಕೊಂಡಿತು. ಪೆಟ್ರೋಲ್ ಖರ್ಚಾದಂತೆ ಟ್ಯಾಂಕಿಗೆ ಅಷ್ಟೇ ಗಾಳಿ ಹೋಗಬೇಕು. ಅದಕ್ಕೆ ಮುಚ್ಚಳದಲ್ಲಿ ಒಂದು ಸಣ್ಣ ಉಸಿರುದಾರಿ ಇದೆ. ಅದು ಕಟ್ಟಿದರೆ ಒಳಗೆ ನಿರ್ವಾತ ಹುಟ್ಟಿ ಪಂಪು ಎಳೆಯಲಾರದು. ಟ್ಯಾಂಕ್ ತುಂಬಿದ್ದಾಗ ಒಳಗಿರುವ ಗಾಳಿಯೇ ಕಡಿಮೆ, ಆದ್ದರಿಂದ ನಿರ್ವಾತ ಬೇಗ ಬೆಳೆಯುತ್ತದೆ. ಅರ್ಧ ಗಂಟೆಯಲ್ಲಿ ಗಾಳಿ ನಿಧಾನವಾಗಿ ಸೋರಿ ಒಳಗೆ ಬಂದರೆ ಮತ್ತೆ ಓಡುತ್ತದೆ. ಮುಚ್ಚಳ ತಿರುವಿ ನೋಡಿದರೆ ಆ ದಾರಿಯಲ್ಲಿ ಅದಿರಿನ ಕೆಂಪು ಧೂಳು ಜಿಡ್ಡಿನೊಂದಿಗೆ ಸೇರಿ ಕುಂಕುಮದ ಹೆಂಟೆಯಂತೆ ಗಟ್ಟಿಯಾಗಿತ್ತು. ನಮ್ಮ ರಸ್ತೆಗಳಲ್ಲಿ ಲಾರಿಗಳ ಹಿಂದೆ ಓಡಿಸುವವರೆಲ್ಲ ಇದನ್ನು ಒಮ್ಮೆ ತೆಗೆದು ನೋಡಲೇಬೇಕು.

ಕಾರ್ಬೊರೇಟರ್ ಇಲ್ಲದ, ಕಂಪ್ಯೂಟರ್ ಹೇಳಿದಂತೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಇರುವ ಕಾರು ಬಿಸಿಯಾದಾಗ ಒಮ್ಮೆಲೇ ಸತ್ತು, ತಣ್ಣಗಾದ ಮೇಲೆ ಹತ್ತಿಕೊಂಡರೆ, ಎಂಜಿನ್ ತಿರುಗುವುದನ್ನು ಆ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರನ್ನು ಮೊದಲು ಅನುಮಾನಿಸಿ. ಅಲ್ಲಿ ಪ್ಲಗ್ ಬಿಚ್ಚಿ ಕಿಡಿ ನೋಡಲು ಹೋಗಬೇಡಿ, ಎಲೆಕ್ಟ್ರಾನಿಕ್ ಭಾಗಗಳು ಸುಡಬಹುದು. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ. ಹೋಗುವಾಗ ಪುಸ್ತಕ ಜೊತೆಗಿರಲಿ. ಸೆನ್ಸರ್ ಎಂದು ನಿಮ್ಮ ಬಾಯಿಂದ ಹೇಳಬೇಡಿ, ಬರೆದದ್ದನ್ನು ಮೇಸ್ತ್ರಿಗೆ ಓದಿ ಹೇಳಿ, ಅವರೇ ಯೋಚಿಸಲಿ.